ಮೂರನೆಯ ಡಿಕಾಕ್ಷನ್

ನೆನಪಿನ ಬರಹಗಳಲ್ಲಿ ಕಾಫಿ ಯಾವಾಗಲೂ ಘಮಘಮಿಸುತ್ತಿರುತ್ತದೆ. ಓದಿ ಓದಿ ನನಗೆ ರೇಗಿಹೋಗಿದೆ. ಹಜಾರಕ್ಕೆ ಎಳೆಬಿಸಿಲು ಬೀಳುತ್ತದೆ, ಹಿತ್ತಾಳೆಯ ಫಿಲ್ಟರು ಹೊಳೆಯುತ್ತದೆ, ಯಾರೋ ಒಬ್ಬ ಅಜ್ಜಿ ನಗುತ್ತಾಳೆ. ನಾನು ಮದುವೆಯಾಗಿ ಹೋದ ಮನೆಯಲ್ಲೂ ಕಾಫಿ ಘಮಘಮಿಸುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಹಜಾರಕ್ಕೆ ಹೋಗುವ ಕಾಫಿ. ನನ್ನ ಲೋಟಕ್ಕೆ ಬರುವ ಹೊತ್ತಿಗೆ ಘಮವೂ ಇರುತ್ತಿರಲಿಲ್ಲ, ಕಾಫಿಯೂ ಇರುತ್ತಿರಲಿಲ್ಲ. ಬೆಲ್ಲ ಹಾಕಿದ ಕಂದು ನೀರು ಇರುತ್ತಿತ್ತು.

ರಾಮನಗರವನ್ನು ಆಗ ಕ್ಲೋಸ್‌ಪೇಟೆ ಎನ್ನುತ್ತಿದ್ದರು. ಪೇಟೆಬೀದಿಯಲ್ಲಿ ಮಾವನವರ ಜವಳಿ ಅಂಗಡಿ, ಅದರ ಬೆನ್ನಿಗೇ ಮನೆ. ಮನೆಯಲ್ಲಿ ಮಾವ, ಅತ್ತೆ, ನನ್ನ ಗಂಡ, ನಾನು. ನಾನು ಮಾಗಡಿ ಸೀಮೆಯ ಕುದೂರಿನವಳು, ಲೋಯರ್ ಸೆಕೆಂಡರಿ ಓದಿದವಳು. ಆ ಓದು ಕಾಫಿಯ ವಿಷಯದಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಾಫಿ ಮಾಡುತ್ತಿದ್ದದ್ದು ಚೀಲದಲ್ಲಿ. ಕಂಬಿಯ ಬಳೆಗೆ ಮಲ್ಲು ಬಟ್ಟೆಯ ಚೀಲ ಹೊಲಿದಿರುತ್ತಿತ್ತು. ಅದರಲ್ಲಿ ಪುಡಿ ಹಾಕಿ ಅತ್ತೆ ಕುದಿನೀರು ಹೊಯ್ಯುತ್ತಿದ್ದರು. ಮೊದಲು ಇಳಿಯುವ ಡಿಕಾಕ್ಷನ್ ಎಣ್ಣೆಯ ಹಾಗೆ ದಪ್ಪ, ಕಪ್ಪು. ಅದು ಮಾವನಿಗೆ, ನಮ್ಮವರಿಗೆ, ಬಂದವರಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹೊಯ್ದರೆ ಎರಡನೆಯದು, ಅದು ಅತ್ತೆಗೆ. ಆಮೇಲೆ ಚೀಲದಲ್ಲಿ ಉಳಿದ ಗಷ್ಟನ್ನು ಪಾತ್ರೆಗೆ ಕೊಡವಿ, ನೀರು ಬೆಲ್ಲ ಹಾಕಿ ಕುದಿಸಿದರೆ ಮೂರನೆಯದು. ಅದು ನನಗೆ. ಹೀಗೆಯೇ ನಡೆಯಬೇಕು ಎಂದು ಯಾರೂ ಯಾವತ್ತೂ ಹೇಳಿದ್ದಿಲ್ಲ. ಹೇಳಿದ್ದರೆ ಎದುರು ಮಾತಾಡಬಹುದಿತ್ತು.

ನನಗೆ ಮೊದಲನೆಯದು ಬೇಕಿತ್ತು. ವಿಷಯ ಇಷ್ಟೇ. ಆದರೆ ಅದನ್ನು ಕೇಳುವ ಮಾತು ನನ್ನಲ್ಲಿರಲಿಲ್ಲ. ಸೊಸೆಯಾದವಳು ಸೀರೆ ಕೇಳಬಹುದು, ಹಬ್ಬಕ್ಕೆ ತವರಿಗೆ ಕಳಿಸಿ ಎಂದು ಅಳಬಹುದು, ಬಳೆಗಾರನನ್ನು ಕರೆಸಬಹುದು. ಮೊದಲ ಡಿಕಾಕ್ಷನ್ ಕೊಡಿ ಎಂದು ಯಾವ ಬಾಯಿಯಿಂದ ಕೇಳುವುದು? ಆದ್ದರಿಂದ ನಾನು ಪಾತ್ರೆ ಕೇಳಿದೆ.

ಬೆಂಗಳೂರಿನ ನೆಂಟರೊಬ್ಬರ ಮನೆಯಲ್ಲಿ ಹಿತ್ತಾಳೆ ಫಿಲ್ಟರು ನೋಡಿದ್ದೆ. ಮೇಲೊಂದು ಪಾತ್ರೆ, ಅದರ ತಳದಲ್ಲಿ ಸಣ್ಣ ತೂತು, ಕೆಳಗೊಂದು ಪಾತ್ರೆ. ಒಂದೇ ಸಲಕ್ಕೆ ಬೇಕಾದಷ್ಟು ಪುಡಿ, ಒಂದೇ ಸಲಕ್ಕೆ ನೀರು. ಎಲ್ಲವೂ ಒಟ್ಟಿಗೆ ಇಳಿಯುವಾಗ ಮೊದಲು ಎರಡು ಮೂರು ಎಲ್ಲಿಂದ ಬರಬೇಕು? ಇದು ನನ್ನ ಲೆಕ್ಕ. ನಮ್ಮವರಿಗೆ ಹೇಳುವಾಗ ಬೇರೆಯದನ್ನೇ ಹೇಳಿದೆ. ಚೀಲ ಎಷ್ಟು ಒಗೆದರೂ ಮುಗ್ಗಲು ವಾಸನೆ ಎಂದೆ. ಅವರಿಗೆ ಹೊಸ ಸಾಮಾನು ಎಂದರೆ ಪ್ರಾಣ. ಅಂಗಡಿಗೆ ಜವಳಿ ತರಲು ಚಿಕ್ಕಪೇಟೆಗೆ ಹೋದವರು ಫಿಲ್ಟರನ್ನು ಹೊತ್ತೇ ಬಂದರು.

ಮಾವನಿಗೆ ಅವಮಾನವಾಯಿತು.

"ಚೀಲಕ್ಕೆ ಏನಾಗೈತ್ಲಾ? ನಮ್ಮಂಗ್ಡಿ ಬಟ್ಟೆ. ಅರ್ಧ ಊರು ಇದ್ರಲ್ಲೇ ಸೋಸ್ಕೊಂಡು ಕುಡೀತೈತೆ. ಬಟ್ಟೆ ಮಾರೋನ ಮನೇಲೇ ತೂತಿನ ಚೊಂಬು ಇಟ್ಕೊಂಡ್ರೆ ಗಿರಾಕಿಗಳು ಏನಂದಾರು?"

"ಬೆಂಗ್ಳೂರ್ನಲ್ಲಿ ಎಲ್ರೂ ಇದ್ನೇ ಇಟ್ಕೊಂಡವ್ರೆ ಕಣಪ್ಪಯ್ಯ."

"ಬೆಂಗ್ಳೂರ್ನಲ್ಲಿ ನೀರ್‌ನೂ ಕೊಂಡ್ಕೊಂಡ್ ಕುಡೀತಾರೆ. ನೀನೂ ಕೊಂಡ್ಕೊ."

ಅತ್ತೆ ಫಿಲ್ಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕಿವಿಯಿಟ್ಟು ಕೇಳಿ, "ತೊಟ್ಟು ತೊಟ್ಟು ಇಳೀತೈತಲ್ಲೋ, ನೆಗಡಿ ಮೂಗಿನಂಗೆ" ಎಂದರು. ಅಷ್ಟು ಹೇಳಿದರೂ ಅವರು ಅದನ್ನು ಬೇಡವೆನ್ನಲಿಲ್ಲ. ಪುಡಿ ಹಾಕಿ ನೀರು ಹೊಯ್ದರು. ಇಳಿದದ್ದನ್ನು ಹಜಾರಕ್ಕೆ ಕಳಿಸಿದರು. ಮತ್ತೆ ನೀರು ಹೊಯ್ದರು, ಇಳಿದದ್ದನ್ನು ತಾವು ತೆಗೆದುಕೊಂಡರು. ಮತ್ತೆ ನೀರು ಹೊಯ್ದು ನನ್ನ ಕಡೆ ನೋಡಿ, "ನಿಂದು ಇಳೀತಾ ಐತೆ ಕಣಮ್ಮಿ, ಅಷ್ಟ್ರಲ್ಲಿ ರಾಗಿ ಬೀಸ್ಬುಡು" ಎಂದರು. ಚೀಲದಲ್ಲಾದರೆ ನನ್ನ ಕಂದು ನೀರು ಬೆಳಿಗ್ಗೆಯೇ ಸಿಗುತ್ತಿತ್ತು. ಈಗ ಅದು ಮಧ್ಯಾಹ್ನದ ಮುದ್ದೆಯ ಹೊತ್ತಿಗೆ, ತಣ್ಣಗೆ, ಸಿಗತೊಡಗಿತು. ಸಿಟ್ಟನ್ನು ಯಾರ ಮೇಲೆ ಮಾಡಿಕೊಳ್ಳುವುದು? ಫಿಲ್ಟರಿನ ಮೇಲೆಯೇ? ಸ್ವಲ್ಪ ಕಾಲದಲ್ಲಿ ತೂತುಗಳು ಕಟ್ಟಿಕೊಂಡವು. ನಾನು ಚುಚ್ಚಿ ಬಿಡಿಸುವುದಕ್ಕೆ ಹೋಗಲಿಲ್ಲ. ಫಿಲ್ಟರು ಅಟ್ಟ ಸೇರಿತು, ಚೀಲ ಗೂಟಕ್ಕೆ ವಾಪಸು ಬಂತು.

ಮುಂದಿನದು ಪರ್ಕೊಲೇಟರು. ಬೇರೆ ಪಾತ್ರೆ ಬೇಕೆಂದು ನಾನು ಮತ್ತೆ ರಾಗ ಎಳೆದಿದ್ದೆ. ಬೆಂಗಳೂರಿನ ದಂಡಿನಲ್ಲಿ ಯಾರೋ ದೊರೆಸಾನಿ ಊರು ಬಿಟ್ಟು ಹೋಗುವಾಗ ಮನೆಸಾಮಾನು ಹರಾಜು ಹಾಕಿದ್ದರಂತೆ, ನಮ್ಮವರು ಕೂಗಿ ತಂದರು. ಅಲ್ಯೂಮಿನಿಯಮ್ಮಿನ ಹೂಜಿ, ಒಳಗೊಂದು ಕೊಳವೆ, ಕೊಳವೆಯ ತಲೆಯ ಮೇಲೆ ಪುಡಿಯ ತಟ್ಟೆ, ಮುಚ್ಚಳದ ನೆತ್ತಿಯಲ್ಲಿ ಒಂದು ಗಾಜಿನ ಗುಬುಟು. ಇದ್ದಿಲ ಒಲೆಯ ಮೇಲಿಟ್ಟರೆ ನೀರು ಕೊಳವೆಯಲ್ಲಿ ಏರಿ, ಗಾಜಿಗೆ ಬಡಿದು, ಪುಡಿಯ ಮೇಲೆ ಬಿದ್ದು, ಕೆಳಗಿಳಿದು, ಮತ್ತೆ ಏರುತ್ತಿತ್ತು. ಗಾಜಿನೊಳಗೆ ಬುಳುಕ್ ಬುಳುಕ್ ಎಂದು ಕುಣಿಯುವುದನ್ನು ನೋಡಲು ಅಂಗಡಿಯ ಗಿರಾಕಿಗಳೂ ಒಳಗೆ ಬಂದರು. ಅತ್ತೆ ಅದಕ್ಕೆ ಬುಗ್ಗೆ ಎಂದು ಹೆಸರಿಟ್ಟರು.

ನಾನು ಮಾತ್ರ ಬೇರೆಯದನ್ನು ನೋಡುತ್ತಿದ್ದೆ. ಮೇಲೆ ಹೋದ ನೀರೇ ಕೆಳಗೆ ಬರುತ್ತದೆ, ಬಂದದ್ದೇ ಮತ್ತೆ ಹೋಗುತ್ತದೆ. ಇದರಲ್ಲಿ ಮೊದಲನೆಯದು ಯಾವುದು, ಮೂರನೆಯದು ಯಾವುದು ಎಂದು ಶಿವನೂ ಬಿಡಿಸಿ ಹೇಳಲಾರ! ಅವತ್ತು ಬೆಳಿಗ್ಗೆ ಮಾವನ ಲೋಟಕ್ಕೂ ನನ್ನ ಲೋಟಕ್ಕೂ ಒಂದೇ ಹೂಜಿಯಿಂದ ಕಾಫಿ ಬಿತ್ತು. ನನ್ನ ಕೈ ನಡುಗುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ನಡುಗಿತ್ತೋ ಇಲ್ಲವೋ ಈಗ ಯಾರಿಗೆ ಗೊತ್ತು. ಬಾಯಿಗಿಟ್ಟದ್ದು ಗೊತ್ತು. ಸುಟ್ಟ ಹುಣಸೆಬೀಜದ ರುಚಿ. ಒಮ್ಮೆ ಇಳಿದು ಮುಗಿಯಬೇಕಾದದ್ದನ್ನು ಮತ್ತೆ ಮತ್ತೆ ಕುದಿಸಿದರೆ ಇನ್ನೇನಾದೀತು! ಎಲ್ಲರಿಗೂ ಸಮನಾಗಿ ಸಿಕ್ಕಿತು, ಎಲ್ಲರಿಗೂ ಸಮನಾಗಿ ಕೆಟ್ಟದ್ದು ಸಿಕ್ಕಿತು.

"ಇದು ಕಷಾಯ" ಎಂದರು ಮಾವ.

"ಕಷಾಯಕ್ಕಾದ್ರೆ ಒಸಿ ಶುಂಠಿ ಹಾಕ್ತಾರೆ" ಎಂದರು ಅತ್ತೆ.

ನಾನೊಬ್ಬಳೇ "ಚೆನ್ನಾಗಿದೆ" ಎಂದು ಗಟಗಟ ಕುಡಿದೆ. ಮಾರನೆಯ ದಿನವೂ ಹಾಗೆಯೇ ಕುಡಿದೆ. ಅಷ್ಟರಲ್ಲಿ ಇದ್ದಿಲಿನ ಝಳಕ್ಕೆ ಗಾಜಿನ ಗುಬುಟು ಚಟ್ ಎಂದು ಸೀಳಿತು. ಅದಕ್ಕೆ ಬದಲಿ ಗಾಜು ಈ ಸೀಮೆಯಲ್ಲಿ ಎಲ್ಲಿ ಸಿಗಬೇಕು? ಬುಗ್ಗೆಯೊಳಗೆ ಅತ್ತೆ ಸೀಗೆಪುಡಿ ತುಂಬಿಟ್ಟರು. ಎಣ್ಣೆಸ್ನಾನದ ದಿನ ಅದನ್ನು ಕೈಗೆತ್ತಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ಇಲ್ಲಿ ನಮ್ಮವರು ತಕರಾರು ತೆಗೆಯುತ್ತಾರೆ. ಬರೆದದ್ದನ್ನು ಓದಿಸಿದರೆ, ಪರ್ಕೊಲೇಟರು ಬಂದದ್ದು ಆಟದ ಸಾಮಾನಿನ ಪ್ರಸಂಗದ ಆಮೇಲೆ, ನೀನು ಹಿಂದುಮುಂದು ಮಾಡಿದ್ದೀಯ ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ನಾನು ಒಂದರಿಂದ ಇನ್ನೊಂದು ಆಯಿತು ಎಂದು ಹೇಳುತ್ತಿರುವುದೆಲ್ಲ ಈಚೆಗೆ ಹಾಕಿದ ಹೊಲಿಗೆ. ಆದರೆ ಅವರ ಜ್ಞಾಪಕದಲ್ಲಿ ಪರ್ಕೊಲೇಟರಿನ ಕಾಫಿ ರುಚಿಯಾಗಿತ್ತು. ಅಂಥವರ ಸಾಕ್ಷಿಯನ್ನು ಹೇಗೆ ನಂಬುವುದು?

ಈಗ ಆಟದ ಸಾಮಾನಿನ ವಿಷಯ.

ಚನ್ನಪಟ್ಟಣದ ಮಗ್ಗುಲಿನ ಬೈರಾಪಟ್ಟಣದ ಒಂದು ಮನೆಯವರ ಮದುವೆ ಜವಳಿಯ ಮಾತು ಮುಗಿಸಲು ಮಾವ ಚನ್ನಪಟ್ಟಣಕ್ಕೆ ಹೊರಟಿದ್ದರು. ನನಗೆ ಪಾತ್ರೆಗಳ ಸುತ್ತುಬಳಸು ಸಾಕಾಗಿತ್ತು. ದೊಡ್ಡ ಪಾತ್ರೆ ತಂದರೆ ತಾನೆ ಸಾಲು? ಒಬ್ಬರಿಗಾಗುವಷ್ಟು ಚಿಕ್ಕದೊಂದು ಇದ್ದರೆ ನನ್ನದನ್ನು ನಾನೇ ಇಳಿಸಿಕೊಂಡೇನು, ಅದರಲ್ಲಿ ಇಳಿಯುವುದೆಲ್ಲ ನನಗೆ ಮೊದಲನೆಯದೇ. ಬಾಗಿಲ ಮರೆಯಲ್ಲಿ ನಿಂತು ಕೇಳಿಬಿಟ್ಟೆ.

"ಮಾವ, ಚನ್ನಪಟ್ಣದಲ್ಲಿ ಸಿಕ್ಕಿದ್ರೆ ಒಂದು ಚಿಕ್ಕ ಫಿಲ್ಟ್ರು ತರ್ತೀರಾ?"

"ಅಟ್ಟದ ಮೇಲಿರೋದು ಸಾಲ್ದಾ ತಾಯಿ?"

"ಅದು ದೊಡ್ಡದು. ಚಿಕ್ಕದು ಬೇಕು."

"ಎಷ್ಟು ಚಿಕ್ಕದು?"

ಮುಷ್ಟಿ ಹಿಡಿದು ತೋರಿಸಿದೆ. ನನಗೊಬ್ಬಳಿಗೆ ಬೇಕು ಎಂದು ಹೇಳಲು ನಾಚಿಕೆಯಾಗಿ ತಲೆ ತಗ್ಗಿಸಿದೆ. ಮಾವ ನನ್ನ ಮುಷ್ಟಿ ನೋಡಿದರು, ತಗ್ಗಿದ ತಲೆ ನೋಡಿದರು, ಏನೋ ಅರ್ಥವಾದವರ ಹಾಗೆ "ಆಗ್ಲಿ ತಾಯಿ, ಆಗ್ಲಿ" ಎಂದು ಪೇಟ ಸರಿಮಾಡಿಕೊಂಡು ಹೊರಟರು. ಆ ಎರಡನೆಯ "ಆಗ್ಲಿ" ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಸಂಜೆ ರೈಲಿಗೆ ಬಂದವರು ನೇರವಾಗಿ ಅತ್ತೆಯನ್ನು ನಡುಮನೆಗೆ ಕರೆದರು. ಪಿಸುಪಿಸು ಆಯಿತು. ಅತ್ತೆ ಹೊರಗೆ ಬಂದಾಗ ಮುಖ ಊರಗಲ ಅರಳಿತ್ತು. ಕೈಯಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಒಳಗೆ ಫಿಲ್ಟರು! ಹಾಲೆಮರದಲ್ಲಿ ಕಡೆದು ಅರಗಿನ ಬಣ್ಣ ಹಾಕಿದ್ದು. ಕೆಳಗಿನ ಪಾತ್ರೆ ಕೆಂಪು, ಮೇಲಿನದು ಹಳದಿ, ಮುಚ್ಚಳ ಹಸಿರು. ಮೇಲಿನದನ್ನು ಎತ್ತಿದರೆ ಬರುತ್ತಿತ್ತು, ತಳದಲ್ಲಿ ಒಂದು ತೂತೂ ಇರಲಿಲ್ಲ. ಮಕ್ಕಳು ಅಡುಗೆಯಾಟ ಆಡುತ್ತಾರಲ್ಲ, ಅದಕ್ಕೆ ಮಾಡಿದ್ದು.

ಚನ್ನಪಟ್ಟಣಕ್ಕೆ ಹೋಗುವವರ ಹತ್ತಿರ ಮುಷ್ಟಿಯಷ್ಟು ಪಾತ್ರೆ ಬೇಕೆಂದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. ಮದುವೆಯಾದ ಹೆಣ್ಣು ತಲೆ ತಗ್ಗಿಸಿ ಕೇಳಿದರಂತೂ ಮುಗಿಯಿತು. ಒಬ್ಬಳೇ ಹೆಂಗಸಿಗೆ ಆಗುವಷ್ಟೇ ಕಾಫಿ ಇಳಿಸುವ ಪಾತ್ರೆ ಇರಬಹುದು ಎಂದು ಮಾವನಿಗೆ ಹೊಳೆಯಲೇ ಇಲ್ಲ. ಅಂಥದ್ದೊಂದು ಯಾರ ಮನೆಯಲ್ಲಾದರೂ ಇದ್ದರೆ ತಾನೆ ಹೊಳೆಯುವುದು?

"ಕಿಲಾಡಿ ಕಣಮ್ಮಿ ನೀನು" ಎಂದು ಅತ್ತೆ ನನ್ನ ಗಲ್ಲ ಹಿಂಡಿದರು. "ನಮ್ ಕಾಲದಲ್ಲಿ ಹುಣ್ಸೇಕಾಯಿ ಕಚ್ಚಿ ತೋರಿಸ್ತಿದ್ವಿ. ನೀನು ಓದ್ದೋಳು, ಮಾವನ ಕೈಲೇ ಆಟದ್ ಸಾಮಾನು ತರಿಸ್ಬುಟ್ಟೆ!"

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಅದನ್ನು ಗೋಡೆಯ ಗೂಡಿನಲ್ಲಿಟ್ಟಾಗಿತ್ತು. ಹಸಿರು ಮುಚ್ಚಳದ ಆ ಫಿಲ್ಟರು ಎಷ್ಟು ಸುಳ್ಳಾಗಿ, ಎಷ್ಟು ಚೆಂದವಾಗಿ ಹೊಳೆಯುತ್ತಿತ್ತೆಂದರೆ ಎತ್ತಿ ಬಾವಿಗೆ ಹಾಕಬೇಕೆನಿಸಿತು.

ನಮ್ಮವರು ಕೋಣೆಯಲ್ಲಿ ಕೇಳಿದರು. "ಏನೇ, ನಿಜವಾ?"

"ನಿಮಗೆ ಗೊತ್ತಿಲ್ಲದೆ ನಿಜ ಆಗತ್ತಾ?"

"ಮತ್ತೆ ಅವ್ವ ಹಂಗಂತಾ ಅವ್ಳೆ?"

"ನೀವೇ ಹೋಗಿ ಹೇಳಿ."

"ನಾನ್ ಹೆಂಗೆ ಹೇಳ್ಲೇ? ಹೆಂಗಸರ ವಿಷ್ಯ."

ಇಂಥ ಗಂಡಸು ಹರಾಜಿನಲ್ಲಿ ಮಾತ್ರ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರಂತೆ. ನಮ್ಮ ಲಿಂಗವಂತರ ಮನೆಯಲ್ಲಿ ಮುಟ್ಟಾದವರು ಹೊರಗೆ ಕೂರುವ ಪದ್ಧತಿ ಇಲ್ಲ. ಇದ್ದಿದ್ದರೆ ನನ್ನ ಪರವಾಗಿ ಅದಾದರೂ ನಿಜ ಹೇಳುತ್ತಿತ್ತು.

ಮಾರನೆಯ ಬೆಳಿಗ್ಗೆ ಅತ್ತೆ ಚೀಲಕ್ಕೆ ನೀರು ಹೊಯ್ದು, ಮೊದಲು ಇಳಿದದ್ದನ್ನು ಹಜಾರಕ್ಕೆ ಕಳಿಸುವ ಮುನ್ನ ನನ್ನ ಲೋಟ ಎಳೆದುಕೊಂಡರು. "ಆಟದ್ದಾದ್ರೂ ಫಿಲ್ಟ್ರೇ ಕೇಳ್ದೆ ಅಂದ್ರೆ ಕಾಫಿ ಬಯಕೇನೇ. ಬಸುರಿ ಬಯಸಿದ್ದು ಕೊಡದಿದ್ರೆ ಕೂಸಿನ ಕಿವಿ ಸೋರ್ತದೆ" ಎಂದರು. ಮೊದಲನೆಯದು! ಇಷ್ಟು ಕಾಲ ಎರಡು ಪಾತ್ರೆಗಳ ಹಿಂದೆ ಬಿದ್ದು ಪಡೆಯದೆ ಇದ್ದದ್ದು ಒಂದು ಮರದ ಬೊಂಬೆಯ ದೆಸೆಯಿಂದ ಬರುತ್ತಿತ್ತು. ಅತ್ತೆ ಆ ಕಪ್ಪು ಡಿಕಾಕ್ಷನ್ನನ್ನು ಲೋಟಕ್ಕೆ ಒಂದು ಚಮಚ ಬಿಟ್ಟರು. ಆಮೇಲೆ ಲೋಟದ ಅಂಚಿನವರೆಗೆ ಹಾಲು ಹೊಯ್ದರು. ಏಲಕ್ಕಿ ಉದುರಿಸಿದರು.

"ಒಸಿ ಡಿಕಾಕ್ಷನ್ ಜಾಸ್ತಿ ಬಿಡಿ ಅತ್ತೆ."

"ಬಾಯ್ಮುಚ್ಚು. ಕಾಫಿ ಉಷ್ಣ. ಮುಟ್ಟಿಸಿದ್ರೆ ಸಾಕು, ಬಯಕೆ ತೀರ್ತದೆ."

ಹೀಗೆ ದಿನಾ ಬೆಳಿಗ್ಗೆ ಹಾಲು. ಮೂರನೆಯದರಲ್ಲಿ ಕೊನೆಪಕ್ಷ ಕಾಫಿಯ ಬಣ್ಣವಾದರೂ ಇರುತ್ತಿತ್ತು! ಕಾನಕಾನಹಳ್ಳಿಯಲ್ಲಿದ್ದ ಅತ್ತೆಯ ಅಕ್ಕನಿಗೆ ಸುದ್ದಿ ಮುಟ್ಟಿ, ಆಕೆ ಮೋಟಾರಿನಲ್ಲಿ ಒಂದು ಜಾಡಿ ಮಾವಿನಕಾಯಿ ಉಪ್ಪಿನಕಾಯಿ ಕಳಿಸಿದರು. ಆ ಜಾಡಿಯನ್ನು ಇಳಿಸಿಕೊಳ್ಳುವಾಗ ನನಗೆ ಇನ್ನು ಆಗುವುದಿಲ್ಲ ಎನಿಸಿತು. ಧೈರ್ಯ ಬಂದು ಹೇಳಿದೆ ಎಂದರೆ ಸುಳ್ಳು. ತಾಳ್ಮೆ ಮುಗಿದು ಹೇಳಿದೆ.

"ಅತ್ತೆ, ನಾನು ಬಸುರಿಯಲ್ಲ."

ಅತ್ತೆ ಜಾಡಿಯ ಬಾಯಿಬಟ್ಟೆ ಬಿಚ್ಚುತ್ತಿದ್ದವರು ಹಾಗೆಯೇ ನಿಂತರು. "ಮತ್ತೆ ಆ ಆಟದ್ ಸಾಮಾನು?"

"ನಾನು ಕೇಳಿದ್ದು ಆಟದ್ದಲ್ಲ. ಫಿಲ್ಟ್ರು."

"ಅಷ್ಟು ಚಿಕ್ಕದು ಯಾರ್ಗೆ?"

"ನಂಗೆ."

"ನಿಂಗೊಬ್ಳಿಗೆ?" ಆ ಮಾತನ್ನು ಅವರು ಬಾಯಲ್ಲಿ ಹೊರಳಿಸಿ ನೋಡಿದ ಹಾಗಿತ್ತು. "ನಿಂಗೊಬ್ಳಿಗೇ ಯಾಕೆ?"

"ನಂಗೆ ಮೊದಲ್ನೇದು ಬೇಕು ಅತ್ತೆ. ಹಾಲಿಲ್ದೆ. ಗಷ್ಟು ಕುದ್ಸಿ ಕುದ್ಸಿ ಸಾಕಾಗೋಗಿದೆ."

ಹೇಳಿ ಮುಗಿಸಿದ ಮೇಲೆ ಬೈಗುಳಕ್ಕೆ ಕಾದೆ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು.

"ಮೊದಲ್ನೇದು ಬೇಕಾದ್ರೆ ಮೊದಲ್ನೇದು ಬೇಕು ಅನ್ನಬೇಕಿತ್ತು. ನೀನು ಪಾತ್ರೆ ಪಾತ್ರೆ ಅಂದೆ. ಆ ನನ್ಮಗನ್ನ ದಂಡಿಗೆ ಓಡಿಸ್ದೆ, ಈ ಮುದ್ಕನ್ನ ಚನ್ನಪಟ್ಣಕ್ಕೆ ಓಡಿಸ್ದೆ."

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ" ಎಂದರು ಅತ್ತೆ, ತಡವಿಲ್ಲದೆ. "ನಾನೇ ಒಂದ್ ದಿವ್ಸ ಕುಡ್ದಿಲ್ಲ. ನಿಂಗೆ ಕೊಟ್ಬುಟ್ಟೇನಾ?"

ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ದಿನಾ ಕಣ್ಣೆದುರೇ ನಡೆಯುತ್ತಿತ್ತು. ಎರಡನೆಯದು ಕುಡಿಯುವವರಿಗೂ ಮೊದಲನೆಯದು ಸಿಕ್ಕಿಲ್ಲ ಎಂದು ನಾನು ಎಣಿಸಿಯೇ ಇರಲಿಲ್ಲ, ಅಷ್ಟೆ. ಮೂರನೆಯವಳ ಕಣ್ಣಿಗೆ ಎರಡನೆಯವಳೂ ಧಣಿಯೇ.

ಮರುದಿನ ಬೆಳಿಗ್ಗೆ ಅತ್ತೆ ತಮ್ಮ ಪೂಜೆಯನ್ನು ಎಂದಿಗಿಂತ ಬೇಗ ಮುಗಿಸಿ ಅಡುಗೆಮನೆಗೆ ಬಂದರು. ಮಾವ ದೇವರಮನೆಯಲ್ಲಿ ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದರು. ಆ ಹೊತ್ತಿನಲ್ಲಿ ದೃಷ್ಟಿ ಬೇರೆ ಕಡೆ ಹರಿಯುವ ಹಾಗಿಲ್ಲ. ನಮ್ಮವರು ಎದ್ದೇ ಇರಲಿಲ್ಲ. ಅತ್ತೆ ಚೀಲಕ್ಕೆ ನೀರು ಹೊಯ್ದು ಮೊದಲನೆಯದನ್ನು ಎರಡು ಲೋಟಕ್ಕೆ ಬಗ್ಗಿಸಿದರು, ಹಾಲು ಹನಿಸಿದರು. ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಥೂ, ಕಹಿ. ಇದ್ಕಾ ಈ ಗಂಡಸ್ರು ದಿನಾ ಬೆಳಿಗ್ಗೆ ಸುಗ್ಗಿ ಬಂದಂಗೆ ಕೂತಿರಾದು?"

ಆದರೂ ಲೋಟ ಕೆಳಗಿಡಲಿಲ್ಲ. ನನಗೆ ಹೇಗಿತ್ತು? ಇಲ್ಲಿ ರುಚಿಯನ್ನು ವರ್ಣಿಸಬೇಕು, ಓದುವವರು ಕಾಯುತ್ತಾರೆ. ನನಗೆ ನೆನಪಿಲ್ಲ. ನಾಲಿಗೆ ಸುಟ್ಟುಕೊಂಡೆ ಎಂಬುದು ನೆನಪಿದೆ. ದೇವರಮನೆಯ ಕಡೆಗೇ ಕಿವಿಯಿಟ್ಟುಕೊಂಡು ಅವಸರದಲ್ಲಿ ಕುಡಿದದ್ದು ನಾಲಿಗೆಗೆ ತಿಳಿಯುವುದಾದರೂ ಹೇಗೆ?

ಮಾವನಿಗೆ ಎರಡನೆಯದು ಹೋಯಿತು. ವಿಭೂತಿ ಒಣಗುವ ಮೊದಲೇ ಅವರು ಲೋಟ ಎತ್ತಿದರು.

"ಒಸಿ ನೀರಾಗೈತಲ್ಲಾ?"

"ಚೀಲ ಹಳೇದಾಯ್ತು" ಎಂದರು ಅತ್ತೆ. "ನಿಮ್ಮಂಗ್ಡಿ ಬಟ್ಟೇಲಿ ಸತ್ವ ನಿಲ್ತಿಲ್ಲ."

ಆ ಮಾತು ನಾಟಿತು. ಮಾವ ಅವತ್ತೇ ಹೊಸ ಮಲ್ಲು ತಂದರು. ನೀರೇ. ಲಾಂಗ್‌ಕ್ಲಾತ್ ತಂದರು. ಆಗಲೂ ನೀರೇ. ಬಟ್ಟೆ ದಪ್ಪವಾದರೆ ಕಾಫಿಯೂ ದಪ್ಪವಾದೀತು ಎಂದು ಅವರ ತರ್ಕ. ಕೊನೆಗೆ ರೈತರು ಅಂಗಿಗೆ ಒಯ್ಯುವ ದಪ್ಪ ಮಾದರಪಾಟದ ತುಂಡು ತಂದು ತಾವೇ ಮುಂದೆ ನಿಂತು ಚೀಲ ಹೊಲಿಸಿದರು. ಅದಕ್ಕೆ ಹೊಯ್ದ ನೀರು ಕೆರೆಯ ನೀರಿನ ಹಾಗೆ ನಿಂತೇ ಇತ್ತು. ಮಾವ ಚೀಲವನ್ನು ತಟ್ಟಿದರು, ಹಿಂಡಿದರು, ಅಂಗೈ ಸುಟ್ಟುಕೊಂಡರು. "ಬಟ್ಟೆದೇನೂ ತಪ್ಪಿಲ್ಲ" ಎಂದರು. ಆಮೇಲೆ ತಾವೇ ಏಣಿ ಹಾಕಿ, ಅಟ್ಟದಿಂದ ಹಿತ್ತಾಳೆ ಫಿಲ್ಟರನ್ನು ಇಳಿಸಿ, ಮುಳ್ಳಿನಿಂದ ಒಂದೊಂದೇ ತೂತು ಬಿಡಿಸುತ್ತ ಜಗಲಿಯಲ್ಲಿ ಕೂತರು. ಗಿರಾಕಿಗಳು ಕೇಳಿದರೆ, "ಬಟ್ಟೆ ಮೈಗೆ ಕಣಯ್ಯಾ, ಕಾಫಿಗೆ ಫಿಲ್ಟ್ರು. ನಾನ್ ಯಾವತ್ತಿಂದ್ಲೂ ಹೇಳ್ತಾ ಇವ್ನಿ" ಎನ್ನುತ್ತಿದ್ದರು.

ಹೀಗೆ ನಮ್ಮ ಮನೆಯಲ್ಲಿ ಫಿಲ್ಟರು ಗೆದ್ದಿತು. ಗೆದ್ದದ್ದಕ್ಕೂ ಅದರ ಗುಣಕ್ಕೂ ಸಂಬಂಧವಿಲ್ಲ. ಅದು ತೊಟ್ಟು ತೊಟ್ಟಾಗಿ ಇಳಿಯುತ್ತಿದ್ದದ್ದು ಮಾವನ ಪೂಜೆಯಷ್ಟೇ ಹೊತ್ತು ಹಿಡಿಯುತ್ತಿತ್ತು, ಅದರಿಂದ ನಮಗೆ ಅನುಕೂಲವಾಯಿತು. ಮೊದಲನೆಯದರಲ್ಲಿ ನಮ್ಮಿಬ್ಬರದು ಎತ್ತಿಕೊಂಡು, ಉಳಿದದ್ದಕ್ಕೆ ಎರಡನೆಯದನ್ನು ಬೆರೆಸಿ ಅತ್ತೆ ಹಜಾರಕ್ಕೆ ಕಳಿಸುತ್ತಿದ್ದರು. ಗಷ್ಟು ಕರಿಬೇವಿನ ಗಿಡದ ಬುಡಕ್ಕೆ ಹೋಗತೊಡಗಿತು.

ಆ ಅರಗಿನ ಫಿಲ್ಟರು ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಎಷ್ಟೋ ಕಾಲದ ಮೇಲೆ ಅದಕ್ಕೂ ಕಾರಣ ಬಂತು. ಈ ಸಲ ನಿಜವಾದ ಕಾರಣ. ನಾನು ಯಾರಿಗೂ ಹೇಳಲಿಲ್ಲ. ಹುಣಸೇಕಾಯಿ ಕಚ್ಚಲಿಲ್ಲ, ಯಾರನ್ನೂ ಚನ್ನಪಟ್ಟಣಕ್ಕೆ ಕಳಿಸಲಿಲ್ಲ. ಹೇಳಿದರೆ ಹಾಲು ಬರುತ್ತದೆ ಎಂದು ಗೊತ್ತಿತ್ತು. ಮುಂಜಾನೆ ಹಿತ್ತಿಲಿಗೆ ಹೋಗಿ ಕಕ್ಕಿ, ಬಾಯಿ ಮುಕ್ಕಳಿಸಿ, ಏನೂ ಆಗದವಳ ಹಾಗೆ ಬಂದು ಫಿಲ್ಟರಿನ ಮುಂದೆ ಕೂರುತ್ತಿದ್ದೆ.

ಒಂದು ಬೆಳಿಗ್ಗೆ ಲೋಟ ತುಟಿಯ ಹತ್ತಿರ ಹಿಡಿದಿದ್ದೆ. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಂದು ಸಲ ನೋಡಿದರು. ತಮ್ಮ ಲೋಟವನ್ನು ಆಗಲೇ ಮುಗಿಸಿದ್ದವರು, ನನ್ನ ಕೈಯಿಂದ ಲೋಟ ತೆಗೆದುಕೊಂಡು ಅದನ್ನೂ ಕುಡಿದು ಬಾಯಿ ಒರೆಸಿಕೊಂಡರು.

"ಅಯ್ಯೋ, ಅತ್ತೆ!"

"ನಂಗೆ ಅಭ್ಯಾಸ ಆಗೋಯ್ತು ಕಣಮ್ಮಿ" ಎಂದು ಹಾಲಿನ ಪಾತ್ರೆಗೆ ಕೈ ಹಾಕಿದರು.